ಒಂದು ಡಾಲರಿನ ಕ್ಯಾಮರಾ

ಕಿಸೆಯಲ್ಲಿಯ ದೂರವಾಣಿಯಿಂದಲೇ ಛಾಯಾಚಿತ್ರ ತೆಗೆಯುವ ಇಂದಿನ ವಿದ್ಯಾರ್ಥಿಗೆ, ಕ್ಯಾಮರಾವು ಒಂದು ಕಾಲಕ್ಕೆ ಹೆಗಲ ಹೊರೆಯಾಗಿತ್ತೆಂದರೆ ನಂಬಿಕೆ ಬಾರದು. ಆ ಹೊರೆಯು ಬಾಲಕರ ಕೈಯ ಪೆಟ್ಟಿಗೆಯಾದ ಬಗೆಯನ್ನು ನೋಡಿದರೆ, ಕ್ಯಾಮರಾದಲ್ಲಿ ಏನನ್ನು ಇರಿಸಬೇಕು, ಏನನ್ನು ಬಿಡಬೇಕೆಂಬುದನ್ನು ಅದರ ನಿರ್ಮಾಪಕರು ಹೇಗೆ ನಿರ್ಣಯಿಸುತ್ತಾರೆಂಬುದು ತಿಳಿಯುತ್ತದೆ.

1877ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಬ್ಯಾಂಕೊಂದರ ಗುಮಾಸ್ತನಾಗಿದ್ದ ಜಾರ್ಜ್ ಈಸ್ಟ್‌ಮನ್ನನು ಛಾಯಾಗ್ರಹಣದ ಸಲಕರಣೆಗಳನ್ನು ಕೊಂಡನು. ಭಾರವಾದ ಕ್ಯಾಮರಾ, ಮೂರು ಕಾಲಿನ ಆಸರೆ, ಗಾಜಿನ ಫಲಕಗಳು, ರಾಸಾಯನಿಕಗಳು, ಕತ್ತಲೆಗಾಗಿ ಒಂದು ಡೇರೆ, ಇಷ್ಟೂ ಬೇಕಾಗಿದ್ದವು. ಗಾಜಿಗೆ ಲೇಪವನ್ನು ಬಳಿದು, ಅದು ಆರುವ ಮೊದಲೇ ಚಿತ್ರವನ್ನು ತೆಗೆದು ಸಂಸ್ಕರಿಸಬೇಕಾಗಿತ್ತು. ಈ ಕಷ್ಟವನ್ನು ಸ್ವತಃ ಅನುಭವಿಸಿದ ಆತನು, ಇದನ್ನು ಸಾಮಾನ್ಯರಿಗೆ ಸುಲಭವಾಗಿಸುವುದೆಂತು ಎಂದು ಯೋಚಿಸತೊಡಗಿದನು.

1888ರಲ್ಲಿ ಈಸ್ಟ್‌ಮನ್ನನ ‘ಕೊಡಾಕ್’ ಕ್ಯಾಮರಾ ಹೊರಬಂದಿತು. ದಾರವನ್ನೆಳೆಯುವುದು, ಗುಂಡಿಯನ್ನೊತ್ತುವುದು, ಕೀಲಿಯನ್ನು ತಿರುಗಿಸುವುದು, ಇಷ್ಟೇ ಅದರ ಕೆಲಸ. ದೂರಕ್ಕೆ ತಕ್ಕಂತೆ ಮಸೂರವನ್ನು ಸರಿಪಡಿಸುವ ಏರ್ಪಾಡು ಅದರಲ್ಲಿರಲಿಲ್ಲ. ಗುರಿ ನೋಡುವ ಕಿಂಡಿಯೂ ಇರಲಿಲ್ಲ. ಇವು ಮರೆವಿನಿಂದ ಬಿಟ್ಟವುಗಳಲ್ಲ. ಕಲಿಯದವನೂ ಬಳಸಬೇಕೆಂದು ಬಿಟ್ಟವು. ನೂರು ಚಿತ್ರಗಳು ಮುಗಿದ ಬಳಿಕ ಕ್ಯಾಮರಾವನ್ನೇ ರಾಚೆಸ್ಟರಿಗೆ ಕಳುಹಿಸಿದರೆ, 10 ಡಾಲರಿಗೆ ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿಯನ್ನು ತುಂಬಿ ಮರಳಿಸುತ್ತಿದ್ದರು. ಆದರೆ ಕ್ಯಾಮರಾದ ಬೆಲೆ 25 ಡಾಲರು. ಅದು ಬಡವರಿಗೆ ನಿಲುಕುವಂತಹುದಲ್ಲ.

ಆದುದರಿಂದ 1900ರಲ್ಲಿ ‘ಬ್ರೌನಿ’ ಬಂದಿತು. ಇದನ್ನು ರೂಪಿಸಿದವನು ಫ್ರಾಂಕ್ ಬ್ರೌನೆಲ್. ಬೆಲೆ ಒಂದೇ ಡಾಲರು. ಬೆಲೆಯನ್ನು ಮೊದಲು ನಿಶ್ಚಯಿಸಿ, ಆ ಬೆಲೆಯೊಳಗೆ ಹಿಡಿಸುವಷ್ಟನ್ನೇ ಪೆಟ್ಟಿಗೆಯಲ್ಲಿ ಇಟ್ಟಂತಿದೆ ಅದರ ರಚನೆ. ಮರ, ಲೋಹಗಳಿಗೆ ಬದಲಾಗಿ ದಪ್ಪ ರಟ್ಟು, ಮಸೂರವು ಸರಳವಾದುದು, ಗುರಿಗಾಗಿ ಮೇಲ್ಭಾಗದಲ್ಲಿ ಎರಡು ಗೆರೆಗಳು. ನೋಡುವ ಕಿಂಡಿ ಬೇಕಾದವರು ಅದನ್ನು ಬೇರೆಯಾಗಿ ಕೊಂಡು ಸಿಕ್ಕಿಸಿಕೊಳ್ಳಬೇಕಾಗಿತ್ತು. ಮೊದಲಲ್ಲಿ ಹಿಂಬದಿಯ ಮುಚ್ಚಳವು ಸರಿಯಾಗಿ ಕೂಡುತ್ತಿರಲಿಲ್ಲವಾಗಿ, ಕೆಲವೇ ತಿಂಗಳುಗಳಲ್ಲಿ ಅದನ್ನು ತಿದ್ದಲಾಯಿತು. ಕೊಂಡವರ ಅನುಭವವೂ ಹೀಗೆ ನಿರ್ಮಾಪಕನಿಗೆ ಗುರುವಾಗುತ್ತದೆ. ಮಕ್ಕಳನ್ನು ಉದ್ದೇಶಿಸಿದ ಈ ಪೆಟ್ಟಿಗೆಯು ಮೊದಲ ವರ್ಷದಲ್ಲಿಯೇ ಒಂದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು.

ಇದರಲ್ಲಿ ವ್ಯಾಪಾರದ ಲೆಕ್ಕವೂ ಉಂಟು. ಪೆಟ್ಟಿಗೆಯನ್ನು ಒಮ್ಮೆ ಕೊಳ್ಳುತ್ತಾರೆ. ಆರು ಚಿತ್ರಗಳ, 15 ಸೆಂಟಿನ ಸುರುಳಿಯನ್ನಾದರೋ ಮತ್ತೆ ಮತ್ತೆ ಕೊಳ್ಳಬೇಕು. ಲಾಭವು ಸುರುಳಿಯಲ್ಲಿದ್ದುದರಿಂದಲೇ ಪೆಟ್ಟಿಗೆಯು ಅಗ್ಗವಾಗಬಹುದಾಗಿತ್ತು.

ಆ ಲೆಕ್ಕವೇ ಮುಂದೆ ಕಣ್ಣಿಗೆ ಪರೆಯಾಯಿತು. 1975ರಲ್ಲಿ ಅದೇ ಸಂಸ್ಥೆಯ ತರುಣ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಅವರು ಫಿಲ್ಮೇ ಬೇಡದ ಡಿಜಿಟಲ್ ಕ್ಯಾಮರಾವೊಂದನ್ನು ರಚಿಸಿದರು. ಅದು ಸುಮಾರು 3.6 ಕಿಲೋಗ್ರಾಂ ತೂಗುತ್ತಿತ್ತು. ಹತ್ತು ಸಾವಿರ ಚುಕ್ಕೆಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಸಂಸ್ಥೆಯು ಅದನ್ನು ಮಾರುಕಟ್ಟೆಗೆ ತರಲಿಲ್ಲ. ಯಂತ್ರವು ಇನ್ನೂ ಎಳೆಯದಾಗಿತ್ತು, ನಿಜ. ಆದರೆ ಫಿಲ್ಮಿನ ವ್ಯಾಪಾರಕ್ಕೆ ಕುತ್ತಾದೀತೆಂಬ ಭಯವೂ ಇದ್ದಿತು. 1991ರಲ್ಲಿ ವೃತ್ತಿನಿರತರಿಗಾಗಿ ಒಂದು ಡಿಜಿಟಲ್ ಕ್ಯಾಮರಾವನ್ನು ಅದು ಮಾರಿತಾದರೂ, ಬಹುಕಾಲ ಫಿಲ್ಮನ್ನೇ ನೆಚ್ಚಿ ನಿಂತಿತು. 2012ರ ಜನವರಿಯಲ್ಲಿ ದಿವಾಳಿ ಕಾನೂನಿನ ರಕ್ಷಣೆಯನ್ನು ಬೇಡಬೇಕಾಯಿತು.

1900ರಲ್ಲಿ ಆ ಸಂಸ್ಥೆಯು ‘ಇದು ಯಾರ ಕೈಗೆ ಹೋಗುವುದು?’ ಎಂದು ಕೇಳಿತು. 1975ರಲ್ಲಿ ‘ಇದರಿಂದ ನಮ್ಮ ಗಳಿಕೆಗೆ ಏನಾಗುವುದು?’ ಎಂಬ ಪ್ರಶ್ನೆಯು ಮುಂದಾಯಿತು. ಎರಡೂ ಕೇಳತಕ್ಕ ಪ್ರಶ್ನೆಗಳೇ. ಯಾವುದನ್ನು ಮೊದಲು ಕೇಳಬೇಕೆಂಬುದರಲ್ಲಿ ವಿವೇಕವಿದೆ.

ಉಪಾಧ್ಯಾಯರಾದ ನಮಗೂ ಇದು ಹೊರತಲ್ಲ. ತರಬೇತಿ ಮುಗಿಸಿ ಬಂದ ಹೊಸದರಲ್ಲಿ, ನನಗೆ ತಿಳಿದುದೆಲ್ಲವನ್ನೂ ಪಾಠದ ಟಿಪ್ಪಣಿಯಲ್ಲಿ ತುಂಬುತ್ತಿದ್ದೆನು. ಮೂರನೆಯ ತರಗತಿಯ ಮಕ್ಕಳು ಸುಮ್ಮನೆ ನನ್ನ ಮುಖವನ್ನು ನೋಡುತ್ತಿದ್ದರು. ಈಗ ಟಿಪ್ಪಣಿ ಬರೆಯುವ ಮುನ್ನ ಆ ಮುಖಗಳನ್ನು ನೆನೆಯುತ್ತೇನೆ. ಬರೆದುದರಲ್ಲಿ ಅರ್ಧವನ್ನು ಹೊಡೆದುಹಾಕುತ್ತೇನೆ.