ರಜೆಯ ದಿನ, ರಜೆಯ ಕೂಲಿ, ರಜೆ ಕೇಳುವ ಧೈರ್ಯ: ಮುಂಬಯಿ ಕಾರ್ಮಿಕರ ವಿರಾಮದ ಚರಿತ್ರೆ

ಮುಂಬಯಿಯ ಮೊದಲ ಹತ್ತಿ ಗಿರಣಿಗಾಗಿ ಕಾವಸ್‌ಜಿ ದಾವರ್ ಕಂಪನಿ ಕಟ್ಟಿದ್ದು 1854ರಲ್ಲಿ. ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ರಜೆ ಸಿಕ್ಕಿದ್ದು 1890ರಲ್ಲಿ. ನಡುವಿನ 36 ವರ್ಷಗಳಲ್ಲಿ ಗಿರಣಿಗಳು ಹೆಚ್ಚಿದವು, ಬಂಡವಾಳ ಬೆಳೆಯಿತು, 1875ರಲ್ಲಿ ಗಿರಣಿ ಮಾಲೀಕರ ಸಂಘವೂ ಹುಟ್ಟಿತು. ದುಡಿಯುವವರ ಪಾಲಿಗೆ ಮಾತ್ರ ವಾರದ ಏಳು ದಿನಗಳೂ ಒಂದೇ ಆಗಿದ್ದವು.

ರಜೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕಾನೂನುಗಳ ಪಟ್ಟಿಯಾಗಿ ಬರೆಯುತ್ತಾರೆ. ಅದು ಸಾಲದು. ಕಾರ್ಮಿಕನ ರಜೆಯಲ್ಲಿ ಮೂರು ಅಂಶಗಳಿವೆ: ಬಿಡುವಿನ ದಿನ, ಆ ದಿನದ ಕೂಲಿ ಮತ್ತು ರಜೆ ಕೇಳಿದರೆ ಕೆಲಸ ಹೋಗುವುದಿಲ್ಲ ಎಂಬ ಭರವಸೆ. ಮುಂಬಯಿಯಲ್ಲಿ ಈ ಮೂರೂ ಒಟ್ಟಿಗೆ ಬರಲಿಲ್ಲ. ಒಂದೊಂದರ ಹಿಂದೆಯೂ ಸಂಘಟಿತ ಒತ್ತಾಯವಿತ್ತು. ಸಂಘಟನೆ ಸಡಿಲವಾದ ಕಡೆ ಬರೆದಿಟ್ಟ ಹಕ್ಕೂ ಕೈಜಾರಿತು.

1884ರ ಮನವಿ

ವಿದ್ಯುದ್ದೀಪ ಬರುವ ಮುನ್ನ ಸೂರ್ಯನೇ ಗಿರಣಿಯ ಗಡಿಯಾರ. ಬೆಳಕು ಹರಿದಾಗ ಕೆಲಸ ಶುರು, ಕತ್ತಲಾದಾಗ ಮುಕ್ತಾಯ. ಬೇಸಿಗೆಯ ಹಗಲು ಉದ್ದವಾದಂತೆ ದುಡಿಮೆಯೂ ಉದ್ದವಾಗುತ್ತಿತ್ತು. 1881ರ ಕಾರ್ಖಾನೆ ಕಾಯ್ದೆ 7ರಿಂದ 12 ವರ್ಷದ ಮಕ್ಕಳ ದುಡಿಮೆಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿ, ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು. ವಯಸ್ಕರ ಬಗ್ಗೆ ಅದು ಮೌನವಾಗಿತ್ತು. ಆ ಕಾಯ್ದೆಯ ಹಿಂದೆ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿ ಮಾಲೀಕರ ಒತ್ತಡವೂ ಇತ್ತು. ಮುಂಬಯಿಯ ಅಗ್ಗದ ನೂಲು ಅವರ ಮಾರುಕಟ್ಟೆಗೆ ಪೆಟ್ಟು ಕೊಡುತ್ತಿತ್ತು.

ವಯಸ್ಕರ ಮಾತನ್ನು ಮುಂದಿಟ್ಟವರು ನಾರಾಯಣ ಮೇಘಾಜಿ ಲೋಖಂಡೆ. ಅವರು ಜೋತಿಬಾ ಫುಲೆಯವರ ಸತ್ಯಶೋಧಕ ಬಳಗದವರು, ‘ದೀನಬಂಧು’ ಪತ್ರಿಕೆಯ ಸಂಪಾದಕರು, ಗಿರಣಿಯಲ್ಲೇ ನೌಕರಿ ಮಾಡಿ ಅಲ್ಲಿನ ಬದುಕನ್ನು ಕಂಡವರು. 1884ರ ಸೆಪ್ಟೆಂಬರಿನಲ್ಲಿ ಪರೇಲ್ ಭಾಗದಲ್ಲಿ ಸಭೆಗಳು ಸೇರಿದವು. ಸುಮಾರು 5,500 ಕಾರ್ಮಿಕರು ಸಹಿ ಹಾಕಿದ ಮನವಿ ಸಿದ್ಧವಾಯಿತು. ಬೇಡಿಕೆಗಳು ಐದು: ಪ್ರತಿ ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ಹಿಂದಿನ ತಿಂಗಳ ಸಂಬಳ ಮರುತಿಂಗಳ 15ರೊಳಗೆ ಕೈಗೆ, ಗಾಯಗೊಂಡವರಿಗೆ ಪರಿಹಾರ.

ಈ ಪಟ್ಟಿಯಲ್ಲಿ ಭಾನುವಾರ ಏಕೆ? ಇಂಗ್ಲಿಷರ ಆರಾಧನಾ ದಿನ ಎಂಬುದಷ್ಟೇ ಇದರ ಕಾರಣವಲ್ಲ. ಮಹಾರಾಷ್ಟ್ರದ ದುಡಿಯುವ ಜನರಿಗೆ ಅದು ಖಂಡೋಬನ ವಾರ. ಕನ್ನಡ ನಾಡಿನಲ್ಲಿ ಅದೇ ದೇವರನ್ನು ಮೈಲಾರಲಿಂಗನೆಂದು ಪೂಜಿಸುತ್ತಾರೆ. ಕಾರ್ಮಿಕರ ಒಕ್ಕಲು ಬದುಕಿಗೆ ಪರಿಚಿತವಾದ ದಿನವೇ ಹೊಸ ಹಕ್ಕಿನ ದಿನವೂ ಆಯಿತು.

1890ರ ಏಪ್ರಿಲ್ 24ರಂದು ನಡೆದ ಸಭೆಗೆ ಸುಮಾರು 10,000 ಕಾರ್ಮಿಕರು ಬಂದರು. ಇಬ್ಬರು ಮಹಿಳಾ ಕಾರ್ಮಿಕರು ಎದ್ದು ಮಾತನಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. 1891ರ ಕಾಯ್ದೆ ಅದನ್ನು ಶಾಸನಕ್ಕೆ ತಂದಿತು. ಲೋಖಂಡೆಯವರು ಕಟ್ಟಿದ ಗಿರಣಿ ಕಾರ್ಮಿಕರ ಸಂಘಕ್ಕೆ ಸದಸ್ಯರ ಪಟ್ಟಿಯಾಗಲಿ ನಿಧಿಯಾಗಲಿ ಇರಲಿಲ್ಲವೆಂದು ಅದನ್ನು ನಿಜವಾದ ಕಾರ್ಮಿಕ ಸಂಘವೆಂದು ಎಣಿಸದ ಇತಿಹಾಸಕಾರರಿದ್ದಾರೆ. ರಚನೆಯ ದೃಷ್ಟಿಯಿಂದ ಅದು ಸರಿ. ಆದರೆ ಒಬ್ಬೊಬ್ಬರ ಗೊಣಗಾಟವನ್ನು ಸಾವಿರಾರು ಜನರ ಒಂದೇ ಬೇಡಿಕೆಯಾಗಿ ಮಾಡುವುದು ಸಂಘದ ಮೊದಲ ಕೆಲಸ. ಅದನ್ನು ಆ ಸಂಘ ಮಾಡಿತು.

ಕೂಲಿಯಿಲ್ಲದ ರಜೆಯಿಂದ ಕೂಲಿಸಹಿತ ರಜೆಗೆ

ದಿನ ಸಿಕ್ಕಿತು, ಕೂಲಿ ಸಿಗಲಿಲ್ಲ. ನೆಯ್ದಷ್ಟಕ್ಕೇ ಹಣ ಪಡೆಯುವ ನೇಕಾರನಿಗೆ ಮಗ್ಗ ನಿಂತ ದಿನ ಸಂಪಾದನೆಯೂ ನಿಂತಿತು. ದುಡಿಮೆಯ ಗಂಟೆಗಳ ವಿಷಯವೂ ಹೀಗೆಯೇ. ವಿದ್ಯುದ್ದೀಪ ಬಂದ ಮೇಲೆ ದಿನದ ದುಡಿಮೆ ಮತ್ತೆ ಹಿಗ್ಗಿತು. ಜವಳಿ ಗಿರಣಿಗಳ ವಯಸ್ಕ ಗಂಡಸರಿಗೆ 12 ಗಂಟೆಯ ಮಿತಿ ಬರಲು 1911ರ ಕಾಯ್ದೆಯವರೆಗೆ ಕಾಯಬೇಕಾಯಿತು. ವಾರಕ್ಕೆ 60 ಗಂಟೆ ಎಂದಾದದ್ದು 1922ರಲ್ಲಿ, 54 ಗಂಟೆ ಎಂದಾದದ್ದು 1934ರಲ್ಲಿ.

ಈ ಅವಧಿಯಲ್ಲೇ ಸಂಘಟನೆ ಗಟ್ಟಿಯಾಯಿತು. 1920ರ ಅಕ್ಟೋಬರ್ 31ರಂದು ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಹುಟ್ಟಿದ್ದು ಮುಂಬಯಿಯಲ್ಲೇ. 1926ರ ಕಾಯ್ದೆ ಸಂಘಗಳಿಗೆ ಕಾನೂನಿನ ನೆಲೆ ಕೊಟ್ಟಿತು. 1928ರಲ್ಲಿ ಕೂಲಿ ಕಡಿತ ಮತ್ತು ಹೆಚ್ಚಿದ ಕೆಲಸದ ಹೊರೆಯ ವಿರುದ್ಧ ನಡೆದ ಮುಷ್ಕರ ಆರು ತಿಂಗಳಷ್ಟು ಎಳೆಯಿತು. ಗಿರಣಿ ಕಾಮಗಾರ್ ಯೂನಿಯನ್ ಆ ವರ್ಷವೇ 50,000ಕ್ಕೂ ಹೆಚ್ಚು ಸದಸ್ಯರನ್ನು ಪಡೆಯಿತು. ಆದರೆ ನೇಯ್ಗೆ ವಿಭಾಗದಲ್ಲಿ ದಲಿತರಿಗೆ ಪ್ರವೇಶವಿರಲಿಲ್ಲ. ಲಾಳಿಗೆ ನೂಲನ್ನು ಬಾಯಿಯಿಂದ ಎಳೆದು ಪೋಣಿಸಬೇಕೆಂಬುದೇ ಅದಕ್ಕೆ ನೆಪ. ಈ ಅನ್ಯಾಯವನ್ನು ಸಂಘದ ಮುಂದಿಟ್ಟವರು ಡಾ. ಅಂಬೇಡ್ಕರ್. ಸಂಘದ ಬೆಲೆಯನ್ನು ಅಳೆಯುವವರು ಅದು ಯಾರನ್ನು ಹೊರಗಿಟ್ಟಿತು ಎಂಬುದನ್ನೂ ನೋಡಬೇಕು.

ಅಂಬೇಡ್ಕರರು ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1945ರ ತಿದ್ದುಪಡಿ ಕಾರ್ಖಾನೆ ಕಾರ್ಮಿಕರಿಗೆ ವರ್ಷಕ್ಕೆ 10 ದಿನಗಳ ಕೂಲಿಸಹಿತ ರಜೆ ತಂದಿತು. 1946ರಲ್ಲಿ ವಾರದ ದುಡಿಮೆ 48 ಗಂಟೆಗೆ ಇಳಿಯಿತು. 1948ರ ಕಾರ್ಖಾನೆ ಕಾಯ್ದೆ 20 ದಿನ ದುಡಿದರೆ ಒಂದು ದಿನ ರಜೆ ಎಂದಿತು, ಆದರೆ 1954ರ ತಿದ್ದುಪಡಿ ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕೆಂಬ ಷರತ್ತು ಹಾಕಿತು. ದಿನಾ ಬೆಳಗ್ಗೆ ಗಿರಣಿಯ ಬಾಗಿಲಲ್ಲಿ ಕಾದು ನಿಲ್ಲುವ ಬದಲಿ ಕಾರ್ಮಿಕನಿಗೆ ಆ ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು.

ಹೋಟೆಲಿನ ಕನ್ನಡಿಗರು

ಗಿರಣಿಗಳಲ್ಲಿ ರತ್ನಾಗಿರಿಯ ಜನ ಹೆಚ್ಚು. ಕರಾವಳಿ ಕರ್ನಾಟಕದ ಹುಡುಗರನ್ನು ಮುಂಬಯಿ ಹೋಟೆಲಿನ ಕೆಲಸಕ್ಕೆ ಕರೆಯಿತು. ಕೋಟೆ, ಮಾಟುಂಗಾ, ದಾದರ್‌ಗಳ ಉಡುಪಿ ಹೋಟೆಲುಗಳಲ್ಲಿ ಕ್ಲೀನರ್ ಆಗಿ ಸೇರಿ, ಮಾಣಿಯಾಗಿ, ಮುಂದೆ ಗಲ್ಲಾದವರೆಗೂ ಏರಿದವರು ಎಷ್ಟೋ ಮಂದಿ. ಊಟ, ವಸತಿ ಎಲ್ಲವೂ ಹೋಟೆಲಿನಲ್ಲೇ. ರಾತ್ರಿ ಮೇಜು ಸರಿಸಿ ಮಲಗುವ ಜಾಗದಲ್ಲೇ ಬೆಳಗಿನ ಕೆಲಸ ಶುರು. ಮನೆ ಮತ್ತು ಕೆಲಸದ ನಡುವೆ ಗೆರೆಯೇ ಇಲ್ಲದಿದ್ದಾಗ ರಜೆಯನ್ನು ಎಲ್ಲಿಂದ ಎಣಿಸುವುದು?

1939ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಅಂಗಡಿ, ಹೋಟೆಲು, ನಾಟಕಶಾಲೆಗಳ ನೌಕರರನ್ನೂ ಕಾನೂನಿನ ರಕ್ಷಣೆಗೆ ತಂದಿತು. ಅದೇ ಹೆಸರಿನ 1948ರ ಕಾಯ್ದೆ ಹೋಟೆಲ್ ನೌಕರನಿಗೆ ವಾರಕ್ಕೊಂದು ರಜೆ ಕೊಡಬೇಕು, ಅದಕ್ಕಾಗಿ ಸಂಬಳ ಹಿಡಿಯಬಾರದು ಎಂದಿತು. ಹೀಗೆ ಕಾಗದದಲ್ಲಿ ಮೊದಲೆರಡು ಅಂಶಗಳು ಸಿಕ್ಕವು. ಮೂರನೆಯದು ಸುಲಭವಿರಲಿಲ್ಲ. ಮಾಲೀಕನೂ ನೌಕರನೂ ಒಂದೇ ಸೀಮೆಯವರು, ಎಷ್ಟೋ ಸಲ ನೆಂಟರು. ರಾತ್ರಿ ಶಾಲೆಗೆ ಹೋಗಲು ಬಿಡುವು ಕೊಟ್ಟು ಹುಡುಗನ ಬದುಕನ್ನೇ ಬದಲಿಸಿದ ಧಣಿಗಳಿದ್ದರು. ಆ ಋಣ ಸಣ್ಣದಲ್ಲ. ಆದರೆ ಕೃಪೆಯಿಂದ ಬಂದ ಬಿಡುವು ಧಣಿಯ ಮನಸ್ಸು ಬದಲಾದಾಗ ನಿಂತುಹೋಗುತ್ತದೆ. ಊರಿನವನ ಎದುರು ಹಕ್ಕಿನ ಮಾತಾಡುವುದು ಪರಕೀಯನ ಎದುರು ಮಾತಾಡುವುದಕ್ಕಿಂತ ಕಷ್ಟ.

ಕರಾವಳಿಯವರೇ ಆದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿ, 1949ರಲ್ಲಿ ಮುಂಬಯಿಗೆ ಬಂದರು. ಬಂದರು ಕಾರ್ಮಿಕರ ನಾಯಕ ಪ್ಲ್ಯಾಸಿಡ್ ಡಿ’ಮೆಲ್ಲೊ ಅವರ ಜೊತೆ ದುಡಿದು, ಟ್ಯಾಕ್ಸಿ ಚಾಲಕರು ಮತ್ತು ನಗರಪಾಲಿಕೆ ನೌಕರರ ನಡುವೆ ಸಂಘ ಕಟ್ಟಿದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿದ ಅವರ ಗೆಲುವಿನ ಬೇರು ಈ ಸಂಘಗಳಲ್ಲಿತ್ತು. ಕನ್ನಡ ಸಾಹಿತ್ಯವೂ ಈ ಲೋಕವನ್ನು ಕಂಡಿದೆ: ಮುಂಬಯಿಯಲ್ಲಿ ಬದುಕಿದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಗೆ 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮುಷ್ಕರದ ನಂತರ

1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ವೇತನದ ಜೊತೆಗೆ ತಮ್ಮ ಸಂಘವನ್ನು ತಾವೇ ಆರಿಸಿಕೊಳ್ಳುವ ಹಕ್ಕನ್ನೂ ಅವರು ಕೇಳಿದರು. ಒಂದೇ ಸಂಘಕ್ಕೆ ಮಾನ್ಯತೆ ನೀಡುವ 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯ್ದೆ ಅದಕ್ಕೆ ಅಡ್ಡವಾಗಿತ್ತು. ಮುಷ್ಕರ ಸೋತಿತು, ಸಾವಿರಾರು ಕುಟುಂಬಗಳು ನಗರ ಬಿಟ್ಟವು. ಲೋವರ್ ಪರೇಲ್‌ನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಈಗ ಮಾಲ್ ಇದೆ. ಅಲ್ಲಿನ ನೌಕರರಿಗೆ ಭಾನುವಾರವೇ ಅತಿ ಹೆಚ್ಚು ಕೆಲಸದ ದಿನ.

2017ರ ಮಹಾರಾಷ್ಟ್ರ ಕಾಯ್ದೆ ಅಂಗಡಿಗಳನ್ನು ವಾರದ ಏಳೂ ದಿನ ತೆರೆಯಲು ಬಿಟ್ಟಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಪ್ರತಿಯೊಬ್ಬನಿಗೂ ವಾರದಲ್ಲಿ 24 ಗಂಟೆಯ ಬಿಡುವನ್ನೂ ಮೇ 1 ಸೇರಿದಂತೆ ವರ್ಷಕ್ಕೆ ಎಂಟು ಕೂಲಿಸಹಿತ ಹಬ್ಬದ ರಜೆಗಳನ್ನೂ ನಿಗದಿ ಮಾಡಿತು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಹೋಟೆಲುಗಳು ಈ ನಿಯಮಗಳಿಂದ ಹೊರಗುಳಿದವು. ಮೊಬೈಲ್ ಆ್ಯಪ್ ನೋಡಿ ಊಟ ತಲುಪಿಸುವ ಹುಡುಗನಂತೂ ಯಾರ ನೌಕರನೆಂಬುದೇ ಇತ್ಯರ್ಥವಾಗಿಲ್ಲ. ಆ್ಯಪ್ ಮುಚ್ಚಿದರೆ ಅವನಿಗೆ ಬಿಡುವು ಉಂಟು, ಕೂಲಿ ಇಲ್ಲ. 1890ರ ನೇಕಾರನ ಸ್ಥಿತಿ ಇದೇ ಆಗಿತ್ತು.

ಮೇ 1 ಮಹಾರಾಷ್ಟ್ರದಲ್ಲಿ ಎರಡು ನೆನಪುಗಳ ದಿನ: 1960ರಲ್ಲಿ ರಾಜ್ಯ ಹುಟ್ಟಿದ ದಿನ ಮತ್ತು ಕಾರ್ಮಿಕರ ದಿನ. ರಾಜ್ಯೋತ್ಸವದ ಸಂಭ್ರಮದಲ್ಲಿ ಎರಡನೆಯದು ಮರೆಯಾಗಬಾರದು. ಮುಂಬಯಿಯ ಕನ್ನಡ ಸಂಘಗಳು ಊರಿನವರನ್ನು ಒಗ್ಗೂಡಿಸುವ, ರಾತ್ರಿ ಶಾಲೆ ನಡೆಸುವ ಕೆಲಸವನ್ನು ತಲೆಮಾರುಗಳ ಕಾಲ ಮಾಡಿವೆ. ಹೋಟೆಲಿನಲ್ಲಿ, ರಸ್ತೆಯಲ್ಲಿ ದುಡಿಯುವವರ ವಾರದ ರಜೆಯನ್ನೂ ಅವು ತಮ್ಮ ಕಾರ್ಯಸೂಚಿಗೆ ಸೇರಿಸಿಕೊಳ್ಳಬೇಕು. ಒಬ್ಬನೇ ಕೇಳಿದ ರಜೆ ಬೇಡಿಕೆಯಾಗಿ ಉಳಿಯುತ್ತದೆ, ನೂರು ಜನ ಕೂಡಿ ಕೇಳಿದ್ದು ಹಕ್ಕಾಗುತ್ತದೆ. ಈ ನಗರದ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಅನುಭವ ಇದನ್ನು ಸಾಬೀತುಮಾಡಿದೆ.