ತಮಾಲಪತ್ರವೆಂಬ ಹೆಸರಿನ ವಿಚಾರ

ಪಲಾವು ಮಾಡುವ ಮನೆಗಳಲ್ಲಿ ಕಾದ ತುಪ್ಪಕ್ಕೆ ಚಕ್ಕೆ, ಲವಂಗ, ಏಲಕ್ಕಿಗಳೊಡನೆ ಒಂದೆರಡು ಒಣಗಿದ ಎಲೆಗಳನ್ನು ಹಾಕುವುದು ವಾಡಿಕೆ. ಅನ್ನ ಬೆಂದು ಬಡಿಸಿದ ಮೇಲೆ ಉಣ್ಣುವವರು ಆ ಎಲೆಯನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. ಪರಿಮಳವನ್ನೆಲ್ಲ ಕೊಟ್ಟು ತಾನು ಮಾತ್ರ ಹೊರಗುಳಿಯುವ ಈ ಎಲೆಗೆ ನಮ್ಮಲ್ಲಿ ಸರ್ವಸಮ್ಮತವಾದ ಹೆಸರೊಂದಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಮರಾಠಿಯವರಂತೆ ತಮಾಲಪತ್ರವೆನ್ನುವರು. ಪೇಟೆಯ ಅಂಗಡಿಗಳಲ್ಲಿ ಪಲಾವ್ ಎಲೆ ಎಂದರೆ ಕೊಡುವರು. ದಾಲ್ಚಿನ್ನಿ ಎಲೆಯೆಂಬ ಹೆಸರೂ ಉಂಟು. ಹಿಂದಿಯವರಿಗೆ ಅದು ತೇಜಪತ್ತಾ. ಇಂಗ್ಲಿಷ್ ಬಲ್ಲವರು ಬೇ ಲೀಫ್ ಎಂದುಬಿಡುತ್ತಾರೆ.

ಒಂದು ವಸ್ತುವಿಗೆ ಹಲವು ಹೆಸರುಗಳಿದ್ದರೆ ಹೆಚ್ಚಿನ ಬಾಧೆಯಿಲ್ಲ. ಹಲವು ವಸ್ತುಗಳಿಗೆ ಒಂದೇ ಹೆಸರು ಸಂದಾಗಲೇ ಅರ್ಥಕ್ಕೆ ಅಪಾಯ. ತಮಾಲ, ತಮಾಲಪತ್ರ ಎಂಬ ಶಬ್ದಗಳಿಗೆ ಇಂಥ ಗತಿಯೇ ಬಂದಿದೆ. ಕಾವ್ಯದ ತಮಾಲ ಬೇರೆ, ವೈದ್ಯದ ತಮಾಲಪತ್ರ ಬೇರೆ. ಇವೆರಡಕ್ಕೂ ಸಂಬಂಧವಿಲ್ಲದ ಯೂರೋಪಿನ ಎಲೆಯೊಂದು ಈಚೆಗೆ ಇವುಗಳ ನಡುವೆ ಸೇರಿಕೊಂಡಿದೆ. ಈ ತೊಡಕನ್ನು ಬಿಡಿಸಿ, ಪಾಠ ಹೇಳುವವರಿಗೂ ಗ್ರಂಥಸಂಪಾದನೆ ಮಾಡುವವರಿಗೂ ಉಪಯೋಗವಾಗುವಂತೆ ನಿಲ್ಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕೋಶವನ್ನು ನೋಡೋಣ. ಅಮರಸಿಂಹನು ವನೌಷಧಿವರ್ಗದಲ್ಲಿ ತಮಾಲಕ್ಕೆ ಕಾಲಸ್ಕಂಧ, ತಾಪಿಂಛ ಎಂಬ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಕಾಲಸ್ಕಂಧವೆಂದರೆ ಕಪ್ಪು ಬೊಡ್ಡೆಯುಳ್ಳದ್ದು. ಇದು ಕವಿಗಳ ತಮಾಲ. ರಘುವಂಶದ 13ನೆಯ ಸರ್ಗದಲ್ಲಿ ವಿಮಾನದಿಂದ ಕಾಣುವ ಕಡಲತೀರವು ಕಪ್ಪಾಗಿ ತೋರುವುದು ತಮಾಲ ಮತ್ತು ತಾಲೀವನಗಳಿಂದ. 12ನೆಯ ಶತಮಾನದ ಜಯದೇವನ ಗೀತಗೋವಿಂದವು ಆರಂಭವಾಗುವುದೂ ತಮಾಲಗಳಿಂದ ಕತ್ತಲುಗವಿದ ವನದಲ್ಲಿಯೇ. ನಮ್ಮ ಚಂಪೂಕವಿಗಳ ವನವರ್ಣನೆಗಳಲ್ಲಿ ತಾಲ, ತಮಾಲ, ಹಿಂತಾಲಗಳು ಸಾಲಾಗಿ ಬರುವುದನ್ನು ವಾಚಕರು ಬಲ್ಲರು. ಇಲ್ಲೆಲ್ಲ ಕವಿಗೆ ಬೇಕಾದುದು ಕಪ್ಪು, ಪರಿಮಳವಲ್ಲ. ಮೋನಿಯರ್ ವಿಲಿಯಮ್ಸರು 1899ರ ತಮ್ಮ ಸಂಸ್ಕೃತ ಕೋಶದಲ್ಲಿ ಈ ತಮಾಲವನ್ನು ಸಸ್ಯಶಾಸ್ತ್ರಜ್ಞರು ಇಂದು ಗಾರ್ಸಿನಿಯಾ ಕ್ಸಾಂಥೊಕೈಮಸ್ ಎಂದು ಕರೆಯುವ ಮರವೆಂದು ಗುರುತಿಸಿದ್ದಾರೆ. ಅದು ನಮ್ಮ ಕರಾವಳಿಯ ಮುರುಗಲ ಹಣ್ಣಿನ ಮರದ ಕುಲಕ್ಕೆ ಸೇರಿದ್ದು.

ಅದೇ ಅಮರಸಿಂಹನು ಮನುಷ್ಯವರ್ಗಕ್ಕೆ ಬಂದಾಗ ತಮಾಲಪತ್ರವೆಂಬ ಶಬ್ದವನ್ನು ತಿಲಕ, ಚಿತ್ರಕ, ವಿಶೇಷಕಗಳೊಡನೆ ಸೇರಿಸಿ ಹಣೆಯ ಬೊಟ್ಟಿನ ಅರ್ಥದಲ್ಲಿ ಹೇಳಿದ್ದಾನೆ. ಆದುದರಿಂದ ಸ್ತ್ರೀವರ್ಣನೆಯಲ್ಲಿ ತಮಾಲಪತ್ರವು ಕಂಡರೆ ಅಡಿಗೆಯ ಎಲೆಯನ್ನೂ ನೆನೆಯಬೇಕಾಗಿಲ್ಲ, ಕಾಡಿನ ಮರವನ್ನೂ ನೆನೆಯಬೇಕಾಗಿಲ್ಲ. ಮತ್ತೊಂದು ಎಚ್ಚರಿಕೆಯೂ ಬೇಕು. ನಕ್ತಮಾಲವೆಂಬುದು ಕರಂಜ, ಎಂದರೆ ಹೊಂಗೆ. ಕಿವಿಗೆ ಬೀಳುವ ನಾದದ ಸಾಮ್ಯವನ್ನು ನಂಬಿ ತಮಾಲವನ್ನೂ ಹೊಂಗೆಯೆಂದುಕೊಳ್ಳುವುದು ಬಹು ಸುಲಭವಾದ ತಪ್ಪು. ಪದವಿಭಾಗವು ನಕ್ತ, ಮಾಲ ಎಂದೇ ಹೊರತು ತಮಾಲವು ಅದರಲ್ಲಿ ಅಡಗಿಲ್ಲ.

ಇನ್ನು ಪರಿಮಳದ ಎಲೆ. ಇದು ದಾಲ್ಚಿನ್ನಿಯ ಕುಲದ ಮರದ್ದು. ಹಿಮಾಲಯದ ತಪ್ಪಲಿನಲ್ಲಿಯೂ ಖಾಸಿ, ಜಯಂತಿಯಾ ಬೆಟ್ಟಗಳಲ್ಲಿಯೂ ಬೆಳೆಯುವ ಈ ಮರಕ್ಕೆ 1822ರಲ್ಲಿ ಶಾಸ್ತ್ರೀಯವಾಗಿ ತಮಾಲವೆಂಬ ಹೆಸರನ್ನು ಅಂಟಿಸಿದವನು ಫ್ರಾನ್ಸಿಸ್ ಬುಕನನ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ತರುವಾಯ, 1800 ಮತ್ತು 1801ರಲ್ಲಿ, ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲೆಯಾಳಗಳನ್ನು ಸುತ್ತಿ ಬರೆದ ಬುಕನನ್ ಈತನೇ. ಈತನಿಟ್ಟ ಹೆಸರಿನಿಂದ ಕಾವ್ಯದ ಕಪ್ಪುಮರದ ನಾಮಧೇಯವು ಸಸ್ಯಶಾಸ್ತ್ರದಲ್ಲಿ ದಾಲ್ಚಿನ್ನಿಯ ಬಂಧುವಿಗೆ ಸ್ಥಿರವಾಯಿತು. ಎಲೆಯನ್ನು ಗುರುತಿಸುವುದು ಕಷ್ಟವಲ್ಲ. ತೊಟ್ಟಿನ ಬಳಿಯಿಂದ ಹೊರಟ ಮೂರು ನರಗಳು ತುದಿಯ ಕಡೆಗೆ ನೀಳವಾಗಿ ಓಡಿರುತ್ತವೆ. ಮುರಿದು ಮೂಸಿದರೆ ಚಕ್ಕೆ ಲವಂಗಗಳೆರಡೂ ಬೆರೆತಂಥ ವಾಸನೆ ಬರುತ್ತದೆ. ಲವಂಗದಲ್ಲಿರುವ ಯೂಜಿನಾಲ್ ಎಂಬ ತೈಲಾಂಶವೇ ಇದಕ್ಕೆ ಮುಖ್ಯ ಕಾರಣ.

ಆಯುರ್ವೇದದಲ್ಲಿ ಈ ಎಲೆಗೆ ಕೇವಲ ಪತ್ರವೆಂದೇ ಹೆಸರು. ತ್ವಕ್, ಏಲಾ, ಪತ್ರ ಈ ಮೂರೂ ಸೇರಿದರೆ ತ್ರಿಜಾತ. ನಾಗಕೇಸರವು ಕೂಡಿದರೆ ಚತುರ್ಜಾತ. ಚೂರ್ಣಲೇಹ್ಯಗಳಲ್ಲಿ ರುಚಿಗೂ ಪರಿಮಳಕ್ಕೂ ದೀಪನಕ್ಕೂ ಇವನ್ನು ಸೇರಿಸುವರು. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ತಲೆಗೆ ಎರೆದುಕೊಳ್ಳುವ ಸುಗಂಧದ್ರವ್ಯಗಳ ನಡುವೆ ಪತ್ರವನ್ನು ಎಣಿಸಿದ್ದಾನೆ. ಹಲ್ಲುಕಡ್ಡಿಯನ್ನು ನೆನೆಯಿಡುವ ಗಂಧೋದಕಕ್ಕೂ ಅದನ್ನು ಹೇಳಿದ್ದಾನೆ. ಇಂದು ಪಾಕಶಾಲೆಯ ವಸ್ತುವೆಂದು ನಾವು ತಿಳಿದಿರುವ ಎಲೆಯು ವೈದ್ಯನ ಸಂಪುಟದಲ್ಲಿಯೂ ಗಂಧಿಕನ ಕರಂಡದಲ್ಲಿಯೂ ಗೌರವದ ಸ್ಥಾನವನ್ನು ಪಡೆದಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊರನಾಡಿಗೆ ಹೋದುದೂ ಈ ಗೌರವದೊಡನೆಯೇ. ಗ್ರೀಕರು ಇದನ್ನು ಮಲಬಾಥ್ರೋನ್ ಎಂದರು. ರೋಮನರ ಬಾಯಲ್ಲಿ ಅದು ಮಲಬಾಥ್ರಮ್ ಆಯಿತು. ಶಬ್ದದ ಈ ಮಾರ್ಪಾಡಿಗೆ ವಿದ್ವಾಂಸರು ಕೊಡುವ ಕಾರಣ ಸ್ವಾರಸ್ಯವಾಗಿದೆ. ಗ್ರೀಕ್ ಭಾಷೆಯಲ್ಲಿ ‘ತಾ’ ಎಂಬುದು ನಪುಂಸಕ ಬಹುವಚನದ ಹಿಂದೆ ಬರುವ ನಿರ್ದೇಶಕ ಪದ. ತಮಾಲಪತ್ರವೆಂಬುದನ್ನು ಕೇಳಿದ ವರ್ತಕರು ಮೊದಲಿನ ಅಕ್ಷರವನ್ನು ತಮ್ಮ ಭಾಷೆಯ ನಿರ್ದೇಶಕವೆಂದು ಭಾವಿಸಿ ಕಳಚಿಹಾಕಿ, ಉಳಿದುದನ್ನು ಏಕವಚನಕ್ಕೆ ತಿರುಗಿಸಿದರು. ಮಲಬಾಥ್ರಮ್ ಎಂಬುದಕ್ಕೂ ಮಲಬಾರ್ ಎಂಬ ದೇಶನಾಮಕ್ಕೂ ಸಂಬಂಧವನ್ನು ಕಲ್ಪಿಸುವವರುಂಟು. ಅದು ಸಲ್ಲದು. ಮಲಬಾರ್ ಎಂಬ ರೂಪವು ಮಧ್ಯಯುಗದ ಅರಬ ಲೇಖಕರಿಂದ ಪ್ರಚಾರಕ್ಕೆ ಬಂದುದು. ಮಲಬಾಥ್ರಮ್ ಆದರೋ ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಹೊರೇಸ್ ಕವಿಯ ಗೀತದಲ್ಲಿಯೇ ಕೂದಲಿಗೆ ಪೂಸುವ ಸುಗಂಧವಾಗಿ ಬಂದಿದೆ. ಹೊರೇಸನು ಅದನ್ನು ಸಿರಿಯದ್ದೆಂದು ವಿಶೇಷಿಸಿರುವುದು, ಸರಕು ಆ ದಾರಿಯಲ್ಲಿ ರೋಮಿಗೆ ಬರುತ್ತಿದ್ದುದರಿಂದ ಇರಬೇಕು.

ಕೊಂಡವರಿಗೆ ಮರವೇ ತಿಳಿದಿರಲಿಲ್ಲ. ಡಯಾಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯನು ಕ್ರಿ. ಶ. ಮೊದಲನೆಯ ಶತಮಾನದಲ್ಲಿ, ಈ ಎಲೆಯು ಭಾರತದ ಜೌಗುಗಳಲ್ಲಿ ಬೇರಿಲ್ಲದೆ ನೀರಿನ ಮೇಲೆ ತೇಲುವುದೆಂದೂ ಅದನ್ನು ದಾರಕ್ಕೆ ಪೋಣಿಸಿ ಒಣಗಿಸುವರೆಂದೂ ಬರೆದನು. ಅವನು ಹೇಳುವ ಉಪಯೋಗಗಳು ಮಾತ್ರ ನಿಜವಾದವು: ಬಾಯ ವಾಸನೆಗೆ ನಾಲಗೆಯ ಕೆಳಗಿಡುವುದು, ನುಸಿ ತಾಗದಂತೆ ಬಟ್ಟೆಗಳ ನಡುವೆ ಇಡುವುದು. ಮೊದಲನೆಯದು ವರಾಹಮಿಹಿರನ ಹಲ್ಲುಕಡ್ಡಿಯ ಗಂಧೋದಕಕ್ಕೆ ಎಷ್ಟು ಸಮೀಪವೆಂಬುದನ್ನು ಗಮನಿಸಬೇಕು. ಸರಕಿನೊಡನೆ ಅದರ ಬಳಕೆಯೂ ಕಡಲನ್ನು ದಾಟಿದ್ದಿತು.

ಅದೇ ಶತಮಾನದ ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯಲ್ಲಿ ಇನ್ನೂ ನೆಲದ ಸಮೀಪದ ವರ್ತಮಾನ ದೊರೆಯುತ್ತದೆ. ವರ್ಷಕ್ಕೊಮ್ಮೆ ಥೀನಾ ದೇಶದ ಗಡಿಗೆ ಕುಳ್ಳು ಮೈಯ, ಅಗಲ ಮುಖದ ಜನರು ಹೆಂಡಿರು ಮಕ್ಕಳೊಡನೆ ದೊಡ್ಡ ಹೊರೆಗಳನ್ನು ಹೊತ್ತು ಬರುತ್ತಾರೆ. ಕೆಲವು ದಿನ ಹಬ್ಬ ಮಾಡಿ ಹಿಂದಿರುಗುತ್ತಾರೆ. ಅವರು ಹಾಸಿಬಿಟ್ಟುಹೋದುದನ್ನು ಇತರರು ಎತ್ತಿಕೊಂಡು, ಎಲೆಗಳನ್ನು ಮಡಿಸಿ ಉಂಡೆಕಟ್ಟಿ, ನಾರಿನಲ್ಲಿ ಪೋಣಿಸುತ್ತಾರೆ. ದೊಡ್ಡ, ನಡುವಣ, ಚಿಕ್ಕ ಉಂಡೆಗಳೆಂದು ಸರಕಿನಲ್ಲಿ ಮೂರು ತರ. ಈ ಎಲೆಯು ಗಂಗೆಯ ಮುಖದ ಪೇಟೆಯಿಂದ ಹಡಗೇರುತ್ತಿದ್ದಿತು.

ಆದರೆ ಪೆರಿಪ್ಲಸಿನ 56ನೆಯ ಪರಿಚ್ಛೇದದಲ್ಲಿ ದಕ್ಷಿಣದವರು ಗಮನಿಸಬೇಕಾದ ಮಾತೊಂದಿದೆ. ಪಶ್ಚಿಮ ಕರಾವಳಿಯ ಮುಚಿರಿ ಮತ್ತು ನೆಲ್ಕಿಂಡಗಳಿಂದ ಮೆಣಸಿನೊಡನೆ ಹೊರಡುವ ಸರಕುಗಳಲ್ಲಿ ಜಟಾಮಾಂಸಿಗೆ ಗಂಗೆಯದೆಂಬ ವಿಶೇಷಣವಿದೆ. ಮಲಬಾಥ್ರಮ್ ಮಾತ್ರ ಒಳನಾಡಿನಿಂದ ಅಲ್ಲಿಗೆ ಬರುವುದೆಂದಿದೆ. ಎರಡೂ ಗಂಗೆಯ ಕಡೆಯಿಂದಲೇ ಬಂದಿದ್ದರೆ ಬೇರೆ ಬೇರೆಯಾಗಿ ಹೇಳುವ ಅವಶ್ಯಕತೆಯೇನು? ಪಶ್ಚಿಮ ಘಟ್ಟಗಳಲ್ಲಿ ತಾನಾಗಿ ಬೆಳೆಯುವ ಕಾಡು ದಾಲ್ಚಿನ್ನಿಯೊಂದುಂಟು. 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ವಾನ್ ರೀಡನ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಅದು ಕಾಟ್ಟುಕರುವ ಎಂಬ ಹೆಸರಿನಲ್ಲಿ ಚಿತ್ರಿತವಾಗಿದೆ. ಇಂದಿನ ಶಾಸ್ತ್ರೀಯನಾಮವು ಸಿನ್ನಮೋಮಮ್ ಮಲಬಾಥ್ರಮ್. ಇದರ ಎಲೆಯಲ್ಲಿಯೂ ಮೂರು ನರಗಳು, ಅದೇ ಜಾತಿಯ ಪರಿಮಳ. ಕೇರಳದವರು ಇದನ್ನು ವಯಣವೆನ್ನುವರು. ಹಸಿ ಎಲೆಯನ್ನು ದೊನ್ನೆಯಂತೆ ಸುತ್ತಿ, ಅಕ್ಕಿಹಿಟ್ಟು ಬೆಲ್ಲಗಳನ್ನು ತುಂಬಿ, ಹಬೆಯಲ್ಲಿ ಬೇಯಿಸಿ ಕುಂಬಿಳಪ್ಪವನ್ನು ಮಾಡುವರು. ನಾವು ಅರಸಿನದ ಎಲೆಯಲ್ಲಿಯೂ ಹಲಸಿನ ಎಲೆಯ ಕೊಟ್ಟೆಯಲ್ಲಿಯೂ ಕಡುಬನ್ನು ಬೇಯಿಸುವ ಕ್ರಮವೇ ಇದು. ಮುಚಿರಿಯ ಹಡಗುಗಳಿಗೆ ಒದಗಿದ ಎಲೆಯಲ್ಲಿ ಒಂದು ಭಾಗವಾದರೂ ಈ ಘಟ್ಟಗಳದ್ದೆಂದು ಊಹಿಸಲು ಪೆರಿಪ್ಲಸಿನ ಮಾತು ಸಾಕಷ್ಟು ಆಧಾರವನ್ನು ಕೊಡುತ್ತದೆ.

ಯೂರೋಪು ಮರೆತಿದ್ದ ಈ ಎಲೆಯ ಗುರುತನ್ನು ಮತ್ತೆ ಹೇಳಿದುದು ನಮ್ಮ ನೆರೆಯ ಗೋವೆಯಲ್ಲಿ. 1534ರಲ್ಲಿ ಭಾರತಕ್ಕೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಆರ್ಟಾ 1563ರಲ್ಲಿ ಗೋವೆಯಲ್ಲಿಯೇ ಅಚ್ಚುಮಾಡಿಸಿದ ಸಂವಾದಗಳಲ್ಲಿ, ಈ ದೇಶದವರು ತಮಾಲಪತ್ರವೆನ್ನುವುದನ್ನೇ ಗ್ರೀಕರೂ ಲ್ಯಾಟಿನರೂ ಕೆಡಿಸಿ ಮಲಬಾಥ್ರಮ್ ಎಂದರೆಂದು ತಿಳಿಸಿ, ನೀರಿನ ಮೇಲೆ ತೇಲುವುದೆಂಬ ಕಥೆಯನ್ನು ತಳ್ಳಿಹಾಕಿದನು. ಪುಸ್ತಕದಲ್ಲಿ 1500 ವರ್ಷಗಳ ಕಾಲ ನಿಂತಿದ್ದ ತಪ್ಪು, ಊರಿನವರ ಬಾಯಿಂದ ಹೆಸರನ್ನು ಕೇಳಿದ ಒಬ್ಬನಿಂದ ತೊಲಗಿತು.

ಈಗ ಇಂಗ್ಲಿಷಿನ ಬೇ ಎಲೆಯ ವಿಚಾರ. ಅದು ಮೆಡಿಟರೇನಿಯನ್ ತೀರದ ಲಾರಸ್ ನೊಬಿಲಿಸ್ ಮರದ್ದು. ನಡುವೆ ಒಂದೇ ನರ, ಅದರಿಂದ ಇಬ್ಬದಿಗೆ ಕವಲುಗಳು. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಇದರಲ್ಲಿ ಪ್ರಧಾನವಾದುದರಿಂದ ವಾಸನೆಯೂ ಬೇರೆ. ಗ್ರೀಕರಿಗೆ ಇದು ಡಾಫ್ನೆ, ಅಪೊಲೊ ದೇವತೆಗೆ ಪ್ರಿಯವಾದುದು. ಪಿಥಿಯನ್ ಕ್ರೀಡೆಗಳಲ್ಲಿ ಗೆದ್ದವರಿಗೂ ವಿಜಯೋತ್ಸವದ ರೋಮನ್ ಸೇನಾನಿಗೂ ಇದರ ಮಾಲೆಯನ್ನು ಮುಡಿಸುತ್ತಿದ್ದರು. ಕವಿಗಳಿಗೂ ನೊಬೆಲ್ ಪಾರಿತೋಷಕ ಪಡೆದವರಿಗೂ ಸಲ್ಲುವ ಲಾರಿಯೇಟ್ ಎಂಬ ಬಿರುದು ಹುಟ್ಟಿದುದು ಈ ಮರದಿಂದಲೇ. ಪ್ರಾಚೀನರು ಎರಡನ್ನೂ ಒಂದೆಂದು ಎಣಿಸಲಿಲ್ಲವೆಂಬುದಕ್ಕೆ ಅಡಿಗೆಮನೆಯಲ್ಲಿಯೇ ಸಾಕ್ಷಿಯುಂಟು. ಅಪಿಸಿಯಸನ ಹೆಸರಿನಲ್ಲಿರುವ ರೋಮನ್ ಪಾಕಗ್ರಂಥದಲ್ಲಿ ಚಿಪ್ಪುಮೀನಿಗೆ ಮಾಡುವ ಜೀರಿಗೆಯ ಸಾರಿಗೆ ಮಲಬಾಥ್ರಮ್ ಹೇಳಿದೆ. ಬೇರೆ ಪಾಕಗಳಿಗೆ ಲಾರಸಿನ ಕಾಯನ್ನು ಹೇಳಿದೆ. ಒಂದೇ ಗ್ರಂಥದಲ್ಲಿ ಎರಡು ಹೆಸರು, ಎರಡು ಉಪಯೋಗ. ಭಾರತಕ್ಕೆ ಬಂದ ಆಂಗ್ಲರು ಅಡಿಗೆಯಲ್ಲಿ ಕಂಡ ತೇಜಪತ್ರಕ್ಕೆ ತಮ್ಮ ಊರಿನ ಹೆಸರನ್ನೇ ಹೇಳಿದುದರಿಂದ ಭೇದವು ಅಳಿಸಿತು. ಈಗ ಪಟ್ಟಣದ ಅಂಗಡಿಗಳಲ್ಲಿ ಎರಡೂ ಎಲೆಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಇದರಿಂದ ಪಲಾವು ಸ್ವಲ್ಪ ಕೆಡಬಹುದು. ಸಾಹಿತ್ಯಕ್ಕಾಗುವ ಹಾನಿ ಅದಕ್ಕಿಂತ ದೊಡ್ಡದು. ಆಂಗ್ಲ ಕವಿತೆಯ ಲಾರೆಲ್ ಅಥವಾ ಬೇ ಮಾಲೆಯನ್ನು ಕೋಶವನ್ನು ನಂಬಿ ತಮಾಲಮಾಲೆಯೆಂದು ಕನ್ನಡಿಸಿದರೆ, ವಿಜಯಿಯ ತಲೆಯ ಮೇಲೆ ಕೃಷ್ಣನ ಮೈಬಣ್ಣದ ಕತ್ತಲೆಯನ್ನು ಇಟ್ಟಂತಾಗುತ್ತದೆ. ಗೀತಗೋವಿಂದದ ತಮಾಲಕ್ಕೆ ಬೇ ಎಂದು ಟಿಪ್ಪಣಿ ಬರೆದರೆ ಬೃಂದಾವನದಲ್ಲಿ ಸಾಂಬಾರದ ವಾಸನೆ ಹೊಡೆಯುತ್ತದೆ. ಪಾಕ ವೈದ್ಯ ಗಂಧಗಳನ್ನು ಕುರಿತ ಹಳೆಯ ಗ್ರಂಥಗಳನ್ನು, 1025ರ ಚಾವುಂಡರಾಯನ ಲೋಕೋಪಕಾರ, ಸುಮಾರು 1508ರಲ್ಲಿದ್ದ ಮೂರನೆಯ ಮಂಗರಸನ ಸೂಪಶಾಸ್ತ್ರ ಮೊದಲಾದುವನ್ನು, ಓದುವವರಿಗೂ ವಿವೇಚನೆ ಬೇಕು. ಪತ್ರವೆಂದರೆ ಯಾವ ಎಲೆಯಾದರೂ ಆಗದು. ಪತ್ರೆಯೆಂದರೆ ಎಲೆಯೇ ಆಗಬೇಕೆಂದೂ ಇಲ್ಲ. ಜಾಪತ್ರೆ, ರಾಮಪತ್ರೆಗಳು ಕಾಯಿಯ ಬೀಜವನ್ನು ಸುತ್ತಿದ ಪೊರೆಗಳೇ ಹೊರತು ಎಲೆಗಳಲ್ಲ. ತ್ವಕ್ ಏಲಾಗಳ ಸಹವಾಸದಲ್ಲಿ ಬಂದ ಪತ್ರವನ್ನು ತಮಾಲಪತ್ರವೆಂದೂ, ವನವರ್ಣನೆಯ ತಮಾಲವನ್ನು ಕಪ್ಪುಮರವೆಂದೂ, ಅಲಂಕಾರದ ತಮಾಲಪತ್ರವನ್ನು ತಿಲಕವೆಂದೂ, ಯೂರೋಪಿನದನ್ನು ಲಾರೆಲ್ ಎಂದೇ ಉಳಿಸಿಯೂ ಅರ್ಥಮಾಡಿದರೆ ಗೊಂದಲವು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಉತ್ತರಾಖಂಡದವರು ತಮ್ಮ ತೇಜಪಾತಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದುಕೊಂಡರು. ಅದರ ಬಂಧುವು ನಮ್ಮ ಘಟ್ಟಗಳಲ್ಲಿಯೂ ಇದೆ. ಅದನ್ನು ಬಲ್ಲ ಊರುಗಳಲ್ಲಿ ಹಿರಿಯರು ಕರೆಯುವ ಹೆಸರುಗಳ ಜಾಗಕ್ಕೆ ಪಲಾವ್ ಎಲೆಯೆಂಬ ಪೇಟೆಯ ಮಾತು ಬರುತ್ತಿದೆ. ಮಲೆನಾಡಿನ ಶಾಲೆಗಳಲ್ಲಿರುವ ಉಪಾಧ್ಯಾಯರು ತಂತಮ್ಮ ಊರಿನ ಹೆಸರನ್ನೂ ಬಳಕೆಯನ್ನೂ ಎಲೆಯೊಂದರೊಡನೆ ಬರೆದಿಟ್ಟರೆ, ಗೋವೆಯ ವೈದ್ಯನು ಗ್ರೀಕರ ಗ್ರಂಥಕ್ಕೆ ಮಾಡಿದ ಉಪಕಾರವನ್ನು ಅವರು ನಮ್ಮ ನಿಘಂಟಿಗೆ ಮಾಡಿದಂತಾಗುವುದು.