ಕೇಸ್ ಪೇಪರ್ ಬರೆಯದ ನೋವು: ಮುಂಬಯಿಯ ನಾಲ್ಕು ದಶಕ

ಥಾಣೆಯ ಮನೋರೋಗ ಆಸ್ಪತ್ರೆ 1901ರಿಂದ ಇದೆ. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಆದರೆ ಗಂಡನ ಕೈಯಲ್ಲಿ ಏಟು ತಿಂದವಳು, ಗಲಭೆಯಲ್ಲಿ ಅಂಗಡಿ ಕಳೆದುಕೊಂಡವನು ತಾವಾಗಿ ಅಲ್ಲಿಗೆ ಹೋಗುವುದು ಅಪರೂಪ. ಹೋದರೆ ಪೊಲೀಸ್ ಸ್ಟೇಷನ್ನಿಗೆ, ಇಲ್ಲವೇ ಕ್ಯಾಶುಯಲ್ಟಿಗೆ. ಮುಂಬಯಿಯಲ್ಲಿ ಆಘಾತದ ಆರೈಕೆ ಬೆಳೆದದ್ದು ಅವರು ಹೋಗುವ ಆ ಜಾಗಗಳಲ್ಲೇ.

ಮೊದಲ ಹೆಜ್ಜೆ 1984ರದು. ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಪೊಲೀಸರ ಜೊತೆಗೂಡಿ ಮಹಿಳೆ ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆಯಿತು. ಪೊಲೀಸ್ ಕಟ್ಟಡದೊಳಗೆ ಕೂತು ದೂರು ಕೇಳುವ ಸಮಾಜಕಾರ್ಯಕರ್ತೆ ಪೊಲೀಸ್ ಅಲ್ಲ, ಆದರೆ ಪೊಲೀಸರು ಆಕೆಯ ಮಾತು ತಳ್ಳಿಹಾಕುವಂತಿಲ್ಲ. ಮುಂದೆ ರಾಜ್ಯ ಸರ್ಕಾರವೇ ಈ ಘಟಕಗಳನ್ನು ಜಿಲ್ಲೆಗಳಿಗೆ ಒಯ್ದಿತು.

1992-93ರ ಕೋಮುಗಲಭೆಯ ನಂತರ ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ, ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹ್ನಿ, ಸಮಾಜಸೇವಕಿ ಸುಶೋಭಾ ಬರ್ವೆ ಮೊದಲಾದವರು ಹಿಂದೂ-ಮುಸ್ಲಿಂ ನೆರೆಹೊರೆಯವರನ್ನು ಪೊಲೀಸರೊಂದಿಗೆ ಒಟ್ಟಿಗೆ ಕೂರಿಸುವ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಧಾರಾವಿಯಲ್ಲಿ ಭಾವೂ ಕೊರ್ಡೆ, ವಕಾರ್ ಖಾನ್ ಎಂಬ ಹಿಂದೂ-ಮುಸ್ಲಿಂ ಗೆಳೆಯರು ಜೊತೆಯಾಗಿ ಗಲ್ಲಿಗಲ್ಲಿ ಸುತ್ತಿದರು. ಇದನ್ನು ಯಾರೂ ಮಾನಸಿಕ ಆರೋಗ್ಯದ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯಬೇಕಿತ್ತು. ನೆರೆಯವನ ಬಗೆಗಿನ ಭಯವನ್ನು ಗುಳಿಗೆಯೊಂದೇ ಇಳಿಸಲಾರದು.

ನಿಜವಾದ ತಿರುವು ಬಂದದ್ದು 2000ರಲ್ಲಿ, ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ. ಮಹಾನಗರಪಾಲಿಕೆ ಮತ್ತು ಸೇಹತ್ ಎಂಬ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ ‘ದಿಲಾಸಾ’ ಕೇಂದ್ರ ಆರಂಭಿಸಿದವು. ವಿಷ ಕುಡಿದು ಬಂದವಳ ಕೇಸ್ ಪೇಪರಿನಲ್ಲಿ ‘ಆಕಸ್ಮಿಕ’ ಎಂದು ಬರೆದು, ಹೊಟ್ಟೆ ತೊಳೆದು, ಮನೆಗೆ ಕಳಿಸಿದರೆ ಆಸ್ಪತ್ರೆಯ ಕೆಲಸ ಮುಗಿಯುತ್ತದೆ. ಕರೆದುಕೊಂಡು ಬಂದ ಗಂಡ ಮಂಚದ ಪಕ್ಕದಲ್ಲೇ ನಿಂತಿದ್ದಾಗ ಆಕೆ ಬೇರೇನು ಹೇಳಿಯಾಳು? ಆತನನ್ನು ಹೊರಗೆ ಕಳಿಸಿ, ‘ಮನೆಯಲ್ಲಿ ಏನಾಯಿತಮ್ಮಾ?’ ಎಂದು ಕೇಳುವುದನ್ನು ದಿಲಾಸಾ ಪಾಲಿಕೆಯ ನರ್ಸುಗಳಿಗೂ ವೈದ್ಯರಿಗೂ ಕಲಿಸಿತು. ಅದೇ ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ಆಪ್ತಸಮಾಲೋಚಕಿ, ಬೇಕಾದರೆ ಕಾನೂನಿನ ನೆರವು. ಈ ಮಾದರಿ ನಗರದ ಇತರ ಪಾಲಿಕೆ ಆಸ್ಪತ್ರೆಗಳಿಗೆ ಹಬ್ಬಿತು, ಕೇರಳದ ಆಸ್ಪತ್ರೆಗಳ ‘ಭೂಮಿಕಾ’ ಕೇಂದ್ರಗಳಿಗೂ ದಾರಿ ತೋರಿತು. ಧಾರಾವಿಯಲ್ಲಿ ಸ್ನೇಹಾ ಎಂಬ ಸ್ವಯಂಸೇವಾ ಸಂಸ್ಥೆಯ ‘ಸಂಗಿನಿ’ಯರು, ಅಂದರೆ ಬಸ್ತಿಯದೇ ಸ್ವಯಂಸೇವಕಿಯರು, ಇದೇ ಕೆಲಸವನ್ನು ಗಲ್ಲಿಯಲ್ಲೇ ಮಾಡುತ್ತಾರೆ. ವಿಷ ಕುಡಿದವಳ ನೋವನ್ನು ದಿಲಾಸಾ ಕೇಳತೊಡಗಿ ವರ್ಷಗಳೇ ಕಳೆದಿದ್ದವು; ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು ಕಾನೂನು ಒಪ್ಪಿಕೊಂಡದ್ದು 2017ರಲ್ಲಿ.

ಆಮೇಲೆ ಫೋನಿನ ಕಾಲ. 2012ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಐಕಾಲ್, 2020ರ ಲಾಕ್‌ಡೌನಿನಲ್ಲಿ ಪಾಲಿಕೆ ಮತ್ತು ಎಂಪವರ್ ಸಂಸ್ಥೆ ಸೇರಿ ನಡೆಸಿದ ಸಹಾಯವಾಣಿ, 2022ರಲ್ಲಿ ನಿಮ್ಹಾನ್ಸ್ ಸಮನ್ವಯದ, ಕೇಂದ್ರ ಸರ್ಕಾರದ ಟೆಲಿ-ಮಾನಸ್. ಅದರ 14416ರಲ್ಲಿ ಕನ್ನಡವೂ ಇದೆ. ಆದರೆ ಹತ್ತಡಿ ಖೋಲಿಯಲ್ಲಿ ಹೊಡೆಯುವವನೂ ಪಕ್ಕದಲ್ಲೇ ಮಲಗಿರುವಾಗ ಫೋನು ಎತ್ತುವುದು ಹೇಗೆ? ಭಾಭಾದ ಆ ಕೋಣೆಗೆ ಫೋನು ಬದಲಿಯಲ್ಲ.

ಆ ಕೋಣೆಗೂ ಕನ್ನಡ ಬೇಕು. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದ ತಾಯಿ ತನ್ನ ಸಂಕಟವನ್ನು ಶಾಲೆಗೆ ಹೋಗುವ ಮಗನ ಹಿಂದಿಯಲ್ಲಿ ಹೇಳಿಸಬೇಕಾಗಿ ಬಂದರೆ ಅರ್ಧ ನುಂಗಿಕೊಳ್ಳುತ್ತಾಳೆ. ಈ ಕೊರತೆ ತುಂಬುವ ಶಕ್ತಿ ನಮ್ಮಲ್ಲೇ ಇದೆ: ಹೋಟೆಲ್ ಹುಡುಗರಿಗೆ ರಾತ್ರಿಶಾಲೆ ನಡೆಸಿದ ಪರಂಪರೆ ಮುಂಬಯಿ ಕನ್ನಡಿಗರದು. 1902ರ ಮೊಗವೀರ ಮಂಡಳಿಯಿಂದ 1933ರ ಕರ್ನಾಟಕ ಸಂಘದವರೆಗೆ ನಮ್ಮ ಸಂಸ್ಥೆಗಳಿಗೆ ಕಟ್ಟಡವಿದೆ, ಕಾರ್ಯಕರ್ತರಿದ್ದಾರೆ. ಕನ್ನಡ ಬಲ್ಲ ನಾಲ್ಕು ಜನರಿಗೆ ತರಬೇತಿ ಕೊಡಿಸಿ ದಿಲಾಸಾ ಕೇಂದ್ರಗಳಿಗೆ ಕಳಿಸುವ ಮಾತನ್ನು ಅವು ಪಾಲಿಕೆಯ ಆರೋಗ್ಯ ವಿಭಾಗದೊಂದಿಗೆ ಈ ವರ್ಷವೇ ಆಡಬೇಕು.